ಎರಡು ಬೀಗದ ಫೈಲು

"ಮೊಬೈಲ್ ಕೊಡಲ್ಲ ಕಣವ್ವ! ನನ್ ಹೆಣ ಹೂಳ್ರಿ, ಆಮೇಲೆ ಬೇಕಾರೆ ಜೇಬಿಗೆ ಕೈ ಹಾಕ್ರಿ!"

ಪಾಲಯ್ಯ ಕುರಿರೊಪ್ಪದ ಮುಳ್ಳುಬೇಲಿಗೆ ಬೆನ್ನು ಕೊಟ್ಟು ನಿಂತಿದ್ದ. ಎಪ್ಪತ್ತರ ಹತ್ತಿರದ ಒಣಕಲು ಮೈ. ಎಡಗೈಯಲ್ಲಿ ಕೋಲು, ಬಲಗೈ ಅಂಗಿಯ ಜೇಬಿನ ಮೇಲೆ. ಹಿಂದೆ ರೊಪ್ಪದೊಳಗೆ ಒಂದೇ ಒಂದು ಕುರಿಯೂ ಇರಲಿಲ್ಲ.

ಪಿಎಸ್‌ಐ ಯಶೋದಾ ಮುಂದಿಟ್ಟಿದ್ದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಮುದುಕನ ಮೇಲೆ ಸಿಟ್ಟು ಮಾಡುವ ಹಕ್ಕು ತನ್ನ ಖಾಕಿಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂಬತ್ತು ದಿನದ ಹಿಂದೆ ಹೊಳಲ್ಕೆರೆ ರಸ್ತೆಯ ಪಾಳು ಕ್ವಾರಿಯಲ್ಲಿ ಹೆಣವಾಗಿ ಸಿಕ್ಕ ಹನುಮೇಶ್ ಈ ಪಾಲಯ್ಯನ ತಮ್ಮನ ಮಗ. ಚಿತ್ರದುರ್ಗದ ಖಾಸಗಿ ನೀರು ಪರೀಕ್ಷೆ ಲ್ಯಾಬೊಂದರಲ್ಲಿ ಕೆಮಿಸ್ಟ್ ಆಗಿದ್ದವನು. ಠಾಣೆಯ ಕಡತದಲ್ಲಿ ಅದು ಇವತ್ತಿಗೂ ಬೈಕ್ ಅಪಘಾತ. ಕ್ವಾರಿಯ ದಂಡೆಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಬೈಕಿನಿಂದ ಮನುಷ್ಯ ಹೇಗೆ ಬೀಳುತ್ತಾನೆ ಎಂದು ಕೇಳಿದವಳು ಅವಳೊಬ್ಬಳೇ.

"ಅಜ್ಜ, ನಾನು ಕಿತ್ಕೊಂಡು ಹೋಗೋಕೆ ಬಂದಿಲ್ಲ."

"ಹಿಂದ್ಲ ಸಲ ಬಂದೋರೂ ಹಂಗೇ ಅಂದ್ರು. ಬಾಟ್ಲಿಯಾಗೆ ಗೋಕಟ್ಟೆ ನೀರು ತುಂಬ್ಕಂಡು ಹೋದ್ರು. ಏನ್ ಬಂತು? ನೀರು ಚೆನ್ನಾಗೈತೆ ಅಂತ ಕಾಗ್ದ ಬಂತು!" ಪಾಲಯ್ಯ ಕೋಲನ್ನು ನೆಲಕ್ಕೆ ಕುಟ್ಟಿದ. "ಚೆನ್ನಾಗಿರೋ ನೀರು ಕುಡ್ದು ನಲವತ್ಮೂರು ಕುರಿ ಕಣ್ ಕಾಣ್ದಂಗಾಗಿ, ಹಲ್ ಕಡ್ಕಂಡು, ಇದ್ದಲ್ಲೇ ಸುತ್ತಿ ಸುತ್ತಿ ಬಿದ್ ಸತ್ವು. ಚೆನ್ನಾಗಿರೋ ನೀರು ಕುಡ್ದೇ ನನ್ ಮೊಮ್ಮಗಳಿಗೆ ಫಿಟ್ಸ್ ಬಂತು. ಆರು ವರ್ಷ ಕಣವ್ವ ಅದಕ್ಕೆ. ಆರು."

ಅವನು ಕೈ ಎತ್ತಿ ಗುಡ್ಡದ ಕಡೆ ತೋರಿಸಿದ. ಜವನಗೊಂಡನಹಳ್ಳಿಯ ಆಚೆ, ಕುರುಚಲು ಗುಡ್ಡದ ಮಗ್ಗುಲಲ್ಲಿ, ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುತ್ತಿದ್ದ ಶೆಡ್ ಎರಡು ವರ್ಷ ಇತ್ತು. ಈಗ ತಗಡಿನ ಮಾಡೂ ಇಲ್ಲ, ಒಲೆಯೂ ಇಲ್ಲ, ಬೂದಿಯೂ ಇಲ್ಲ. ಹನುಮೇಶ್ ಸತ್ತ ಮಾರನೇ ದಿನವೇ ಜೆಸಿಬಿ ಬಂದು ಕೆಳಗಿನ ಗೋಕಟ್ಟೆಗೆ ಮಣ್ಣು ತುಂಬಿ ಸಮ ಮಾಡಿತ್ತು. ಕುರಿಗಳನ್ನು ಸುಟ್ಟಿದ್ದಾಗಿತ್ತು. ಆ ನೀರಿನಲ್ಲಿ ಏನಿತ್ತು ಎಂದು ಹೇಳಬಲ್ಲದ್ದು ಈಗ ಭೂಮಿಯ ಮೇಲೆ ಒಂದೇ: ಹನುಮೇಶ್ ತನ್ನ ಮನೆಯ ಕಂಪ್ಯೂಟರಿನಲ್ಲಿ ಬೀಗ ಹಾಕಿಟ್ಟು ಹೋದ ಫೈಲು.

"ಕೀರ್ತನಾ, ನೀವೇ ಹೇಳ್ರಿ ಇವರಿಗೆ," ಎಂದಳು ಯಶೋದಾ.

ಕೀರ್ತನಾ ಚಿತ್ರದುರ್ಗದ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಲವತ್ತರ ಹೆಂಗಸು. ಠಾಣೆಗೆ ಕಂಪ್ಯೂಟರಿನ ಕಗ್ಗಂಟು ಬಂದರೆ ಅವಳನ್ನೇ ಕರೆಸುತ್ತಿದ್ದರು. ಅವಳು ಲ್ಯಾಪ್‌ಟಾಪ್ ಚೀಲವನ್ನು ಕಲ್ಲಿನ ಮೇಲಿಟ್ಟು, ಸೀರೆಯ ಸೆರಗು ಸಿಕ್ಕಿಸಿಕೊಂಡು ಮುದುಕನ ಎದುರಿಗೇ ಕುಕ್ಕರುಗಾಲಲ್ಲಿ ಕೂತಳು.

"ನೋಡಿ ಅಜ್ಜ, ಹನುಮೇಶ್ ಕಂಪ್ಯೂಟರಿನಾಗೆ ಒಂದು ದೊಡ್ಡ ಫೈಲ್ ಐತೆ. 'ಕುರಿ ಉಣ್ಣೆ' ಅಂತ ಹೆಸರು. ನೋಡಿದೋರಿಗೆ ಯಾವ್ದೋ ವಿಡಿಯೋ ಅನ್ಸುತ್ತೆ, ಒತ್ತಿದ್ರೆ ಓಡಲ್ಲ. ಯಾಕಂದ್ರೆ ಅದು ವಿಡಿಯೋನೇ ಅಲ್ಲ, ಟ್ರಂಕು. ಅವನ ಕಾಗ್ದ ಪತ್ರ ಎಲ್ಲಾ ಅದ್ರೊಳಗವೆ."

"ಬೀಗ ಒಡೀರಿ ಮತ್ತೆ."

"ಇದು ಒಡೆಯೋ ಬೀಗ ಅಲ್ಲ. ರಾಗಿ, ಉಪ್ಪು, ಬೆಲ್ಲ ಎಲ್ಲಾ ಕಲಸಿ ಒಟ್ಟಿಗೆ ಬೀಸಿದ್ರೆ ಹೆಂಗೋ ಹಂಗೆ ಮಾಡಿಟ್ಟವ್ನೆ. ಸರಿಯಾದ ಕೀಲಿ ಹಾಕಿದ್ರೆ ಮಾತ್ರ ರಾಗಿ ರಾಗಿಯಾಗಿ, ಉಪ್ಪು ಉಪ್ಪಾಗಿ ವಾಪಸ್ ಬರುತ್ತೆ. ಇಲ್ದಿದ್ರೆ ನೂರು ವರ್ಷ ಕುಂತ್ರೂ ಹಿಟ್ಟೇ."

"ಹನ್ಮೇಶನ ಹೆಂಡ್ತಿ ಶಾಲಿನಿ ಪಾಸ್‌ವರ್ಡು ಕೊಟ್ಳಂತಲ್ಲ?"

"ಕೊಟ್ರು. ಅದು ಸರಿಯಾಗೇ ಐತೆ. ಆದ್ರೆ ಹನುಮೇಶ್ ಎರಡು ಬೀಗ ಹಾಕವ್ನೆ. ಎರಡನೇದರ ಕೀಲಿ ಒಂದು ಫೋಟೋ."

ಯಶೋದಾ ಮಾತು ಸೇರಿಸಿದಳು: "ಸಾಯೋದಕ್ಕೆ ಎರಡು ದಿನ ಮುಂಚೆ ಹೆಂಡತಿಗೆ ಹೇಳಿದ್ನಂತೆ. ಒಂದು ಕೀಲಿ ನಿನ್ ಹತ್ರ, ಇನ್ನೊಂದು ದೊಡ್ಡಪ್ಪನ ಎದೆ ಮೇಲೆ, ಅಂತ."

ಪಾಲಯ್ಯನ ಕೈ ಜೇಬನ್ನು ಇನ್ನೂ ಬಿಗಿಯಾಗಿ ಅದುಮಿತು. ಆಮೇಲೆ ಬೆರಳುಗಳು ತಾವಾಗಿ ಸಡಿಲವಾದವು. ಮೊಬೈಲ್ ತೆಗೆದು, ಹೆಬ್ಬೆರಳಿನಿಂದ ತಡಕಾಡಿ, ಪರದೆಯನ್ನು ಅವರ ಕಡೆ ತಿರುಗಿಸಿದ. ಎರಡು ಜಡೆಯ ಹುಡುಗಿಯೊಬ್ಬಳು ಕರಿ ಮರಿಯೊಂದನ್ನು ಅವಚಿಕೊಂಡು ನಗುತ್ತಿದ್ದಳು. ಮುಂದಿನ ಹಲ್ಲು ಎರಡೂ ಬಿದ್ದಿದ್ದವು.

"ರೋಜಾ," ಎಂದ. "ಹನ್ಮೇಶ ತೆಗ್ದಿದ್ದು. ಅವನೇ ಇದ್ರೊಳಗೆ ಹಾಕ್ಕೊಟ್ಟ. ಯಾವತ್ತೂ ಅಳಿಸ್ಬೇಡ ದೊಡ್ಡಪ್ಪ ಅಂದಿದ್ದ. ಇದೊಂದೇ ಐತೆ ನಮ್ ತಾವ."

"ಶಾಲಿನಿ ಹತ್ರಾನೂ ಇದೇ ಐತೆ, ನೀವು ವಾಟ್ಸಾಪ್ ಮಾಡಿದ್ದು," ಎಂದಳು ಕೀರ್ತನಾ. "ಅದು ಹಿಡೀಲಿಲ್ಲ. ಕಳಿಸೋವಾಗ ಫೋಟೋ ಸಣ್ಣಗಾಗಿಬಿಡುತ್ತೆ. ನಮ್ ಕಣ್ಣಿಗೆ ಅದೇ ಮಗು, ಕಂಪ್ಯೂಟರಿಗೆ ಬೇರೆ. ಹಲ್ ಸವೆದ ಕೀಲಿ ಇದ್ದಂಗೆ. ಮೂಲದ್ದೇ ಬೇಕು."

ಅವಳು ಅಲ್ಲೇ, ಅವನ ಕಣ್ಣೆದುರಿಗೇ, ಲ್ಯಾಪ್‌ಟಾಪ್ ತೆರೆದು ಫೋಟೋವನ್ನು ಹೊಸ ಮೆಮೊರಿ ಕಾರ್ಡಿಗೆ ಹಾಕಿ ಮೊಬೈಲಿಗೆ ಸೇರಿಸಿಕೊಟ್ಟಳು. ಮುದುಕ ಹೊಸ ಕಾರ್ಡಿನಲ್ಲಿ ಮಗುವಿನ ಮುಖ ಕಂಡಮೇಲೇ ಹಳೇ ಕಾರ್ಡನ್ನು ಯಶೋದಾಳ ಅಂಗೈಗೆ ಹಾಕಿದ.

"ಹನ್ಮೇಶ ಹೇಳಿದ್ದ. ಆ ನೀರಾಗೆ ಸೀಸ ಇರ್ಬೇಕಾದ್ದಕ್ಕಿಂತ ತೊಂಬತ್ತು ಪಟ್ಟು ಐತೆ ದೊಡ್ಡಪ್ಪ, ಲ್ಯಾಬ್ನೋರು ಬೇರೆ ಬರ್ಕೊಟ್ಟವ್ರೆ, ನಿಜದ್ದು ನನ್ ತಾವ ಐತೆ, ಅಂತ." ಅವನ ದನಿ ಒಡೆಯಿತು, ಅದು ಅಳುವಲ್ಲ. "ತೊಂಬತ್ತು ಪಟ್ಟು ಅಂತ ನಿಮ್ ಬಾಯಾಗೂ ಕೇಳ್ಬೇಕು ನಾನು. ಎಲ್ಲಾರ ಮುಂದೆ. ಇಲ್ದಿದ್ರೆ ಈ ಕೋಲು ತಗಂಡು ನಾನೇ ದುರ್ಗಕ್ಕೆ ಬತ್ತೀನಿ."

"ಬರೋದು ಬೇಡ ಅಜ್ಜ. ನಾನೇ ಹೇಳ್ತೀನಿ," ಎಂದಳು ಯಶೋದಾ.

*

ಸಂಜೆ ಆರಕ್ಕೆ ಯಶೋದಾ ಠಾಣೆ ತಲುಪಿದಳು. ಕಾರ್ಡನ್ನು ಕವರಿಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಜಪ್ತಿ ಮಾಡಿದ ಸಾಮಾನಿಡುವ ಮುದ್ದೆಮಾಲು ಕೊಠಡಿಯಲ್ಲಿ ಹನುಮೇಶ್‌ನ ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟಳು. ಠಾಣೆಯ ರೈಟರ್ ದುರ್ಗೇಶ್ ವಹಿಯಲ್ಲಿ ಬರೆದುಕೊಂಡು ಕೊಠಡಿಗೆ ಬೀಗ ಹಾಕಿದ.

ಇನ್ಸ್‌ಪೆಕ್ಟರ್ ಶ್ರೀನಿವಾಸ್ ತಮ್ಮ ಕೋಣೆಯಿಂದಲೇ ಕೇಳಿದರು. "ಏನ್ ಯಶೋದಾ, ಸಿಕ್ತಾ ನಿಮ್ ಕೀಲಿ?"

"ಸಿಕ್ತು ಸರ್. ಈಗ್ಲೇ ತೆಗೆಯೋಕೆ ಅಪ್ಪಣೆ ಕೊಡಿ."

"ಸಾಕ್ಷಿಗೆ ಪಂಚರು ಇಲ್ದೆ ತೆಗೆದ್ರೆ ಕೋರ್ಟಲ್ಲಿ ನಿಲ್ಲಲ್ಲ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ಮಾಡಿ. ಪಾಸ್‌ವರ್ಡ್?"

"ಶಾಲಿನಿ ಹೇಳಿಕೆಯಲ್ಲೇ ಐತೆ. ಕಡತದಲ್ಲಿ."

"ಹ್ಞೂಂ."

"ಸರ್, ಕಂಪ್ಯೂಟರಿನ ಡಿಸ್ಕ್ ಪ್ರತಿ ತೆಗೆಯೋಕೆ ಅನುಮತಿ ಕೇಳಿದ್ದ ಪತ್ರ..."

"ನೋಡ್ತೀನಿ ಅಂದ್ನಲ್ಲ."

ಎಂಟು ದಿನದಿಂದ ಅವರು ನೋಡುತ್ತಲೇ ಇದ್ದರು. ಪತ್ರ ಅವರ ಮೇಜಿನ ಮೇಲೆ, ಗಾಜಿನ ಪೇಪರ್‌ವೇಟ್ ಕೆಳಗೆ, ಮಡಿಕೆಯೂ ಬಿಚ್ಚದೆ ಬಿದ್ದಿತ್ತು. ಯಶೋದಾ ಸೆಲ್ಯೂಟ್ ಹೊಡೆದು ಹೊರಗೆ ಬಂದಳು. ಬಾಗಿಲು ಬೇಕಾದ್ದಕ್ಕಿಂತ ಜೋರಾಗಿ ಬಡಿದುಕೊಂಡಿತು.

*

ಬೆಳಿಗ್ಗೆ ಒಂಬತ್ತೂವರೆಗೆ, ಯಶೋದಾ ಕ್ವಾರ್ಟರ್ಸ್‌ನಲ್ಲಿ ಬೂಟು ಕಟ್ಟುತ್ತಿದ್ದಾಗ ಫೋನ್ ಬಂತು. ಹನುಮೇಶ್‌ನ ಹೆಂಡತಿ ಶಾಲಿನಿ, ಮದಕರಿಪುರದಿಂದ.

"ಅಕ್ಕಾ, ಪರಮೇಶ್ ಮನೆಗೆ ಬಂದಿದ್ದ."

ಪರಮೇಶ್ ಎಂದರೆ ಲ್ಯಾಬಿನ ಮಾಲೀಕ. ಹನುಮೇಶ್‌ಗೆ ಏಳು ವರ್ಷ ಕೆಲಸ ಕೊಟ್ಟವನು.

"ಯಾವಾಗ?"

"ಈಗ್ಲೇ ಹೋದ. ಹೋದ ವಾರಾನೂ ಒಂದ್ಸಲ ಬಂದಿದ್ದ. ಹನುಮೇಶನ ಕಂಪ್ಯೂಟರ್ ನಮ್ ಲ್ಯಾಬಿಂದು, ಪೊಲೀಸ್ನೋರ ಹತ್ರ ವಾಪಸ್ ಕೇಳು, ಇದ್ರ ಮೇಲೆ ಸಹಿ ಮಾಡು ಅಂತ ಕಾಗ್ದ ಹಿಡ್ದ. ಅದು ನಮ್ಮನೆಯವ್ರು ಕಂತಿನಲ್ಲಿ ತಗಂಡಿದ್ದು ಅಕ್ಕಾ, ಬಿಲ್ ನನ್ ಹತ್ರ ಐತೆ! ಮಾಡಲ್ಲ ಅಂದೆ." ಅವಳ ಉಸಿರು ಫೋನಿನಲ್ಲಿ ಬುಸುಗುಟ್ಟಿತು. "ಏನಂದ ಗೊತ್ತಾ? ಗಂಡ ಹೋದ, ಕೈಯಲ್ಲಿರೋ ಅಂಗನವಾಡಿ ಕೆಲ್ಸಾನಾದ್ರೂ ಉಳಿಸ್ಕಳಮ್ಮ, ಅಂದ. ಮಗು ಆಡ್ತಿತ್ತು ಅಲ್ಲೇ. ಮಗೂ ತಲೆ ಸವರಿ ಹೋದ ಅಕ್ಕಾ!"

ಯಶೋದಾ ಬೂಟಿನ ದಾರವನ್ನು ಎಷ್ಟು ಎಳೆದಳೆಂದರೆ ಅದು ಕಿತ್ತು ಕೈಗೆ ಬಂತು.

"ಒಂದು ಗಂಟೆಗೆ ಠಾಣೆಗೆ ಬಾ. ನಿನ್ ಮುಂದೇನೇ ತೆಗಿಸ್ತೀನಿ," ಎಂದು ಫೋನ್ ಇಟ್ಟಳು.

ಠಾಣೆಗೆ ಹೋಗಿ, ಜೀಪು ಹತ್ತಿ, ಪೇದೆಯೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಹೋಗಲಿಲ್ಲ. ಸಿಟ್ಟಿನಲ್ಲಿ ಸ್ಕೂಟರ್ ಒದ್ದು ನೇರ ಲ್ಯಾಬಿನ ಕಡೆ ತಿರುಗಿಸಿದಳು.

*

ಹೊಳಲ್ಕೆರೆ ರಸ್ತೆಯ ಕಡೆಗಿದ್ದ ಆ ಕಟ್ಟಡದ ಷಟರ್ ಅರ್ಧ ಇಳಿದಿತ್ತು. ಯಶೋದಾ ಬಗ್ಗಿ ಒಳಗೆ ಹೋದಳು. ಮೊದಲು ಕಂಡದ್ದು ಖಾಲಿ ಕುರ್ಚಿಗಳು. ಸ್ವಾಗತದ ಮೇಜಿನಲ್ಲೂ ಯಾರಿಲ್ಲ, ಗಾಜಿನ ಆಚೆ ಯಂತ್ರಗಳ ಮುಂದೂ ಯಾರಿಲ್ಲ.

"ಬರ್ರಿ ಮೇಡಂ, ಕುಂತ್ಕಳ್ರಿ." ಪರಮೇಶ್ ಒಳಗಿನಿಂದ ಎರಡು ಲೋಟ ಚಹಾ ಹಿಡಿದು ಬಂದ. ಐವತ್ತರ ಗಂಡಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದ ತುಂಬ ಸಾವಧಾನ. "ಇವತ್ತು ಹುಡುಗರಿಗೆ ರಜೆ ಕೊಟ್ಟೀನಿ. ನಾನೇ ಚಹಾ ಕಾಸ್ದೆ. ಸಕ್ಕರೆ ಹೆಚ್ಚಾಗಿದ್ರೆ ಹೇಳ್ರಿ."

ಎರಡು ಲೋಟ. ತಾನು ಬರುವುದು ಇವನಿಗೆ ಮುಂಚೆಯೇ ಗೊತ್ತಿತ್ತೇ? ಯಶೋದಾ ಕೂರಲಿಲ್ಲ. ಚೀಲದಿಂದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇದು ಗೋಕಟ್ಟೆ ನೀರಿನ ಬಗ್ಗೆ ನಿಮ್ಮ ಲ್ಯಾಬ್ ಕೊಟ್ಟ ವರದಿ. ಕುಡಿಯಲು ಯೋಗ್ಯ ಅಂತ ಬರೆದೀರಿ. ತಾರೀಕು ಓದ್ರಿ."

"ಹದಿನಾಲ್ಕು."

"ಪೊಲೀಸರು ಆ ನೀರನ್ನ ಬಾಟ್ಲಿಗೆ ತುಂಬಿ ಮಹಜರು ಮಾಡಿದ್ದು ಹದಿನಾರಕ್ಕೆ. ನೀರು ಬರೋಕಿಂತ ಎರಡು ದಿನ ಮುಂಚೆ ಅದರ ವರದಿ ಹೆಂಗ್ ಬಂತು ಪರಮೇಶ್?"

ಅವನ ಮುಖ ಒಂದು ಕ್ಷಣ ಬಿಗಿಯಿತು. ಆಮೇಲೆ ನಕ್ಕ. "ಟೈಪಿಂಗ್ ಮಿಸ್ಟೇಕು ಮೇಡಂ. ಇರ್ರಿ, ಆವಕ ರಿಜಿಸ್ಟರ್ ತೋರಿಸ್ತೀನಿ."

ಒಳಗೆ ಹೋದ. ಬೀರು ತೆಗೆದ ಸದ್ದು, ಮುಚ್ಚಿದ ಸದ್ದು. ಹತ್ತು ನಿಮಿಷ, ಅರ್ಧ ಗಂಟೆ. ಒಂದು ಪುಸ್ತಕ ತಂದ. ಅದು ಹೋದ ವರ್ಷದ್ದು. "ಥೋ, ಇದಲ್ಲ" ಎಂದು ಮತ್ತೆ ಒಳಗೆ ಹೋದ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತು.

ಮತ್ತೆ ಅರ್ಧ ಗಂಟೆ ಕಳೆದ ಮೇಲೆ ಇನ್ನೊಂದು ಪುಸ್ತಕ ತಂದ. ಹದಿನಾರರ ಹಾಳೆಯೇ ಇರಲಿಲ್ಲ. ಹೊಲಿಗೆಯ ಹತ್ತಿರ ಹರಿದ ಅಂಚು ಮಾತ್ರ ಉಳಿದಿತ್ತು.

"ಯಾರು ಹರಿದ್ರು?"

"ಹನುಮೇಶನೇ ಇರ್ಬೇಕು. ಪಾಪ, ಕೊನೆಕೊನೆಗೆ ಅವನ ತಲೆ ಸರಿ ಇರ್ಲಿಲ್ಲ ಮೇಡಂ. ದೊಡ್ಡಪ್ಪನ ಮೊಮ್ಮಗಳು... ಮನಸ್ಸಿಗೆ ಹಚ್ಕಂಡುಬಿಟ್ಟ. ಎಲ್ಲದ್ರಲ್ಲೂ ವಿಷ ಕಾಣೋದು ಅವನಿಗೆ."

"ವಿಷ ಇತ್ತು, ಅದಕ್ಕೇ ಕಂಡ."

"ಪುರಾವೆ ಬೇಕಲ್ಲ?"

"ಅವನು ಬಿಟ್ಟು ಹೋಗವ್ನೆ."

ಪರಮೇಶ್ ಚಹಾದ ಲೋಟವನ್ನು ನಿಧಾನವಾಗಿ ತಿರುಗಿಸಿದ. "ಸತ್ತೋನು ಏನೋ ಗಂಟು ಹಾಕಿಟ್ಟು ಹೋದ ಅಂತ ನೀವು ಒಂದು ಮಗೂ ಫೋಟೋ ಹಿಡ್ಕಂಡು ಊರೂರು ಅಲೀತಿದ್ದೀರಿ. ಫೋಟೋದಿಂದ ಕೇಸ್ ಗೆಲ್ಲೋಕಾಗುತ್ತಾ ಮೇಡಂ?"

ಯಶೋದಾಳ ಕಿವಿ ಬಿಸಿಯಾಯಿತು.

ಫೋಟೋ ವಿಷಯ ಗೊತ್ತಿದ್ದದ್ದು ಪಾಲಯ್ಯನಿಗೆ, ಶಾಲಿನಿಗೆ, ಕೀರ್ತನಾಗೆ. ಆಮೇಲೆ ನಿನ್ನೆ ಸಂಜೆಯಿಂದ ಠಾಣೆಗೆ.

"ಫೋಟೋ ವಿಷಯ ನಿನಗೆ ಯಾರ್ ಹೇಳಿದ್ದು?"

ಮರ್ಯಾದೆಯ 'ರಿ' ಬಿದ್ದುಹೋದದ್ದನ್ನು ಅವನು ಗಮನಿಸಿದ. ಲೋಟ ಕೆಳಗಿಟ್ಟ. "ಊರಲ್ಲಿ ಜನ ಮಾತಾಡ್ತಾರೆ."

"ಯಾವ್ ಜನ? ಹೆಸರು ಹೇಳು!"

ಅವಳ ಕೈ ಮೇಜಿಗೆ ಬಡಿದ ರಭಸಕ್ಕೆ ಲೋಟ ಉರುಳಿ, ಚಹಾ ವರದಿಯ ಮೇಲೆ ಹರಿಯಿತು. ಅವಳು ಮೇಜಿನ ಈಚೆಯಿಂದಲೇ ಬಾಗಿದಳು. ಅವನ ಇಸ್ತ್ರಿಯ ಕಾಲರು ಗೇಣು ದೂರದಲ್ಲಿತ್ತು. ಹಿಡಿದು ಎಳೆದಿದ್ದರೆ ಅವತ್ತೇ ಅವಳ ಕೆಲಸ ಮುಗಿಯುತ್ತಿತ್ತು. ಅವನಿಗೆ ಬೇಕಾಗಿದ್ದೂ ಅದೇ ಎನ್ನುವ ಹಾಗೆ ಅವನು ಮುಖವನ್ನು ಅಲ್ಲೇ ಇಟ್ಟುಕೊಂಡು ಕಾಯುತ್ತಿದ್ದ.

ಅವಳು ಬೆರಳು ಮಡಿಚಿಕೊಂಡಳು.

"ಕೇಳು. ಆ ಮಗು ಮೂರು ದಿನ ಆಸ್ಪತ್ರೆಯಲ್ಲಿತ್ತು. ಡಾಕ್ಟ್ರು ಮಿದುಳು ಜ್ವರ ಅಂತ ಔಷಧಿ ಕೊಡ್ತಿದ್ರು. ಯಾಕೆ ಗೊತ್ತಾ? ನೀರು ಚೆನ್ನಾಗೈತೆ ಅಂತ ನಿನ್ ಕಾಗ್ದ ಇತ್ತು. ಸೀಸ ಅಂತ ಗೊತ್ತಾಗಿದ್ರೆ ಬದುಕಿಸ್ತಿದ್ರೋ ಏನೋ. ಆ ಶೆಡ್ಡಿನ ಓನರ್ ಯಾರೇ ಇರ್ಲಿ, ಆ ಮಗೂನ ಕೊಂದಿದ್ದು ನಿನ್ ಸಹಿ."

ಮೊದಲ ಸಲ ಪರಮೇಶ್ ಕಣ್ಣು ತಗ್ಗಿಸಿದ. ತುಟಿ ಅಲುಗಿತು. ಏನೋ ಹೇಳುತ್ತಾನೆ ಅನ್ನಿಸಿತು. ಆಗ ಅವನ ಮೊಬೈಲು ಒಂದು ಸಲ ಮಿಣುಕಿತು. ಅವನು ಅದನ್ನು ಓದಿದ, ಬೋರಲು ಇಟ್ಟ. ತಲೆ ಎತ್ತಿದಾಗ ಮುಖ ಮತ್ತೆ ಮೊದಲಿನ ಹಾಗೇ ಇತ್ತು.

"ಹೊತ್ತಾಯ್ತು ಮೇಡಂ. ನಿಮ್ಮನ್ನ ತಡೆಯೋದಿಲ್ಲ. ಹೋಗ್ಬರ್ರಿ."

ಗಡಿಯಾರ ಹನ್ನೆರಡಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಷಟರ್ ಕೆಳಗೆ ಬಗ್ಗಿ ಬಿಸಿಲಿಗೆ ಬಂದಮೇಲೆ ಅವಳಿಗೆ ಹೊಳೆಯಿತು: ಅವನು ಇಷ್ಟು ಹೊತ್ತು ರಿಜಿಸ್ಟರ್ ಹುಡುಕಿರಲಿಲ್ಲ, ತನ್ನನ್ನು ಅಲ್ಲೇ ತಡೆದಿಟ್ಟಿದ್ದ. ಯಾಕೆ?

*

ಒಂದು ಗಂಟೆಗೆ ಎಲ್ಲರೂ ಸೇರಿದರು. ಕಾಲೇಜಿನಿಂದ ಕೀರ್ತನಾ ಬಂದಿದ್ದಳು. ಇಬ್ಬರು ಪಂಚರು ಬೆಂಚಿನ ಮೇಲೆ ಕೂತಿದ್ದರು. ಶಾಲಿನಿ ಗೋಡೆಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಇನ್ಸ್‌ಪೆಕ್ಟರ್ ಶ್ರೀನಿವಾಸ್ ತಾವೇ ಬಂದು ಕುರ್ಚಿ ಎಳೆದುಕೊಂಡರು.

ಕಂಪ್ಯೂಟರ್ ಹೊರಗೆ ಬಂತು. ಮುದ್ರೆ ಇತ್ತು. ಕಾರ್ಡಿನ ಕವರೂ ಬಂತು. ಅದರ ಅರಗೂ ಒಡೆದಿರಲಿಲ್ಲ. ಯಶೋದಾ ಉಸಿರು ಬಿಟ್ಟಳು. ಪಂಚರಿಗೆ ತೋರಿಸಿ ಮುದ್ರೆ ಒಡೆದಳು.

ಕೀರ್ತನಾ 'ಕುರಿ ಉಣ್ಣೆ' ಫೈಲನ್ನು ಆರಿಸಿದಳು. ಶಾಲಿನಿ ಕೊಟ್ಟ ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ಒತ್ತಿದಳು. ಎರಡನೇ ಕೀಲಿ ಕೇಳಿದಾಗ ಕಾರ್ಡಿನಲ್ಲಿದ್ದ ರೋಜಾಳ ಫೋಟೋ ತೋರಿಸಿದಳು.

ಪರದೆಯ ಮೇಲೆ ಸಣ್ಣ ಚಕ್ರ ತಿರುಗಿತು. ಚಕ್ರ ನಿಂತಿತು. ಇಲ್ಲದಿದ್ದ ಕಡೆ ಹೊಸದೊಂದು ಡ್ರೈವ್ ಮೂಡಿತು.

"ತೆಗೀತು!" ಶಾಲಿನಿ ಬಾಯಿಗೆ ಸೆರಗು ಒತ್ತಿಕೊಂಡಳು.

ಒಳಗೆ ಹನುಮೇಶ್‌ನ ಅಚ್ಚುಕಟ್ಟು ಹಾಗೇ ಇತ್ತು. ಊರಿನ ಹೆಸರು, ಬೋರ್‌ವೆಲ್ ಸಂಖ್ಯೆ, ತಾರೀಕು. ಹೊಸದುರ್ಗದ ಶಾಲೆಗಳ ನೀರು, ಭೀಮಸಮುದ್ರದ ತೋಟದ ಬಾವಿಗಳು, ಹಿರಿಯೂರಿನ ಟ್ಯಾಂಕುಗಳು. ಕೀರ್ತನಾ ಕೆಳಗೆ ಕೆಳಗೆ ಇಳಿದಳು. ಜವನಗೊಂಡನಹಳ್ಳಿ, ಗೋಕಟ್ಟೆ.

ಒತ್ತಿದಳು. ಅಂಕಿಗಳ ಹಾಳೆ ತೆರೆಯಿತು.

ಸೀಸ: ಲೀಟರಿಗೆ 0.004 ಮಿಲಿಗ್ರಾಂ. ಮಿತಿ: 0.01.

ಯಶೋದಾ ಎರಡು ಸಲ ಓದಿದಳು.

"ನೋಡ್ರಿ," ಶ್ರೀನಿವಾಸ್ ಕುರ್ಚಿಗೆ ಒರಗಿದರು. "ಮಿತಿಯ ಅರ್ಧಾನೂ ಇಲ್ಲ. ಸತ್ತೋನೇ ಹೇಳ್ತಿದಾನೆ ನೀರು ಚೆನ್ನಾಗೈತೆ ಅಂತ. ಇದಕ್ಕಾ ಒಂಬತ್ತು ದಿನ ಠಾಣೆ ತಲೆಕೆಳಗೆ ಮಾಡಿದ್ದು?"

"ಸುಳ್ಳು!" ಶಾಲಿನಿ ಚೀರಿದಳು. "ಅವ್ರು ನಂಗೆ ತೋರಿಸವ್ರೆ! ಸೊನ್ನೆ ಪಾಯಿಂಟ್ ಒಂಬತ್ತು ಇತ್ತು! ಈ ಕಣ್ಣಲ್ಲಿ ನೋಡೀನಿ!"

ಸೊನ್ನೆ ಪಾಯಿಂಟ್ ಒಂಬತ್ತು ಎಂದರೆ ಮಿತಿಯ ತೊಂಬತ್ತು ಪಟ್ಟು. ಮುದುಕ ಹೇಳಿದ್ದ ಲೆಕ್ಕವೇ. ಯಶೋದಾ ಕೀರ್ತನಾಳ ಕಡೆ ತಿರುಗಿದಳು. ಕೀರ್ತನಾ ಅಂಕಿಗಳನ್ನು ನೋಡುತ್ತಿರಲಿಲ್ಲ, ಪರದೆಯ ಒಂದು ಮೂಲೆಯನ್ನು ನೋಡುತ್ತಿದ್ದಳು. ಅವಳ ಮುಖದ ಬಣ್ಣ ಇಳಿದಿತ್ತು.

"ಏನಾಯ್ತು?"

"ಉಳಿದ ಫೈಲೆಲ್ಲ ಹೋದ ತಿಂಗಳದ್ದು, ಅದಕ್ಕೂ ಹಿಂದಿನವು," ಎಂದಳು ಕೀರ್ತನಾ ತಗ್ಗಿದ ದನಿಯಲ್ಲಿ. "ಇದೊಂದನ್ನ ತಿದ್ದಿ ಉಳಿಸಿದ್ದು ಇವತ್ತು. ಬೆಳಿಗ್ಗೆ ಹನ್ನೊಂದು ಮೂವತ್ತೆರಡಕ್ಕೆ."

"ಗಡಿಯಾರ ತಪ್ಪಿರ್ಬೇಕು," ಎಂದರು ಶ್ರೀನಿವಾಸ್.

"ನೋಡ್ದೆ. ಸರಿಯಾಗೈತೆ."

ಯಶೋದಾ ಪರದೆಯ ಹತ್ತಿರ ಬಾಗಿದಳು.

"ಒಡೆದು ಒಳಗೆ ಹೋಗವ್ರಾ?"

"ಇದನ್ನ ಒಡೆಯೋಕಾಗಲ್ಲ ಅಂದ್ನಲ್ಲ. ಎರಡೂ ಕೀಲಿ ಹಾಕಿ, ತೆಗೆದು, ಒಂದು ಅಂಕಿ ತಿದ್ದಿ, ಮತ್ತೆ ಮುಚ್ಚವ್ರೆ. ಅರಗು ಬೇಕಾದ್ರೆ ಹೊಸದಾಗಿ ಒತ್ತಬಹುದು, ಮುದ್ರೆ ಠಾಣೆಯಲ್ಲೇ ಇರುತ್ತೆ."

ಕಂಪ್ಯೂಟರ್ ಠಾಣೆಯಲ್ಲಿತ್ತು. ಪಾಸ್‌ವರ್ಡು ಕಡತದಲ್ಲಿತ್ತು. ಕೊರತೆಯಿದ್ದದ್ದು ಫೋಟೋ ಒಂದೇ. ಅದನ್ನು ಮುದುಕನ ಎದೆಯ ಮೇಲಿಂದ ಬಿಡಿಸಿ ತಂದು, ಮೂರನ್ನೂ ಒಂದೇ ಸೂರಿನ ಕೆಳಗೆ ಇಟ್ಟವಳು ತಾನೇ. ಯಶೋದಾ ಬಾಗಿಲ ಕಡೆ ತಿರುಗಿದಳು.

"ದುರ್ಗೇಶ್!" ಅವಳ ಕೂಗಿಗೆ ಬೆಂಚಿನ ಮೇಲಿದ್ದ ಪಂಚರು ಬೆಚ್ಚಿದರು. "ಮುದ್ದೆಮಾಲು ಕೊಠಡಿ ವಹಿ ತಗಂಬಾ! ಇವತ್ತು ಬೆಳಿಗ್ಗೆ ಅದನ್ನ ಯಾರ್ ತೆಗ್ಸಿದ್ದು?"

ದುರ್ಗೇಶ್ ವಹಿ ಹಿಡಿದು ಬಂದ. ತೊದಲಿದ. "ನಾನು ಬೆಳಿಗ್ಗೆ ಕೋರ್ಟಲ್ಲಿದ್ದೆ ಮೇಡಂ. ಕೀಲಿ ಡ್ರಾಯರಲ್ಲೇ ಇತ್ತು. ವಾಪಸ್ ಬಂದು ನೋಡ್ದಾಗ ವಹೀಲಿ ಬರೆದಿತ್ತು... ನಿಮ್ದೇ ಅಲ್ವಾ ಅಂತ ಸುಮ್ಮನಾದೆ."

"ನಂದಾ?"

ಶ್ರೀನಿವಾಸ್ ಕೈ ಚಾಚಿ ವಹಿ ತೆಗೆದುಕೊಂಡರು. ಹಾಳೆಯ ಮೇಲೆ ಬೆರಳು ಸರಿಸಿ ಗಟ್ಟಿಯಾಗಿ ಓದಿದರು. "ಹನ್ನೊಂದು ಐದಕ್ಕೆ ಕಂಪ್ಯೂಟರ್ ಮತ್ತು ಕಾರ್ಡು ಪಡೆದಿದೆ. ಹನ್ನೊಂದು ಐವತ್ತಕ್ಕೆ ಹಿಂದಿರುಗಿಸಿದೆ. ಯಶೋದಾ, ಪಿಎಸ್‌ಐ." ವಹಿಯನ್ನು ಅವಳ ಕಡೆ ತಿರುಗಿಸಿದರು. "ಸಹಿ ನಿಮ್ದೇ ಅಲ್ವಾ?"

ಅವಳ ಸಹಿಯೇ. 'ಯ' ಬರೆಯುವಾಗ ಅವಳು ಒತ್ತುವ ರೀತಿ, ಕೊನೆಗೆ ಎಳೆಯುವ ಗೆರೆ, ಅದರ ಕೆಳಗಿನ ಚುಕ್ಕಿ. ಅವಳು ಬರೆದಿರಲಿಲ್ಲ.

"ನಾನು ಆ ಹೊತ್ತಲ್ಲಿ ಠಾಣೆಯಲ್ಲೇ ಇರ್ಲಿಲ್ಲ ಸರ್!"

"ಎಲ್ಲಿದ್ರಿ?"

"ಪರಮೇಶ್ ಲ್ಯಾಬಲ್ಲಿ."

"ಜೀಪು ಇಲ್ಲೇ ಇತ್ತಲ್ಲ. ಜೊತೇಲಿ ಯಾರಿದ್ರು?"

ಯಾರೂ ಇರಲಿಲ್ಲ. ಅರ್ಧ ಇಳಿದ ಷಟರ್, ಖಾಲಿ ಕುರ್ಚಿಗಳು, ಎರಡು ಲೋಟ ಚಹಾ. ಅವಳು ಅಲ್ಲಿದ್ದಳೆಂದು ಹೇಳಬಲ್ಲವನು ಇಡೀ ಚಿತ್ರದುರ್ಗದಲ್ಲಿ ಒಬ್ಬನೇ.

ಶ್ರೀನಿವಾಸ್ ಆಗಲೇ ನಂಬರು ಒತ್ತಿ ಫೋನನ್ನು ಮೇಜಿನ ಮೇಲಿಟ್ಟಿದ್ದರು. ಸ್ಪೀಕರಿನಲ್ಲಿ ಆ ಸಾವಧಾನದ ದನಿ ತೇಲಿ ಬಂತು.

"ಯಶೋದಾ ಮೇಡಮ್ಮಾ? ಇಲ್ಲ ಸರ್. ಇವತ್ತು ಲ್ಯಾಬಿಗೆ ರಜೆ, ಬಾಗಿಲೇ ತೆಗೆದಿಲ್ಲ. ಯಾಕೆ ಸರ್, ಏನಾಯ್ತು?"

"ಸುಳ್ಳು ಬೊಗಳ್ತಿದೀಯ! ಲೇ ಪರಮೇಶ!" ಯಶೋದಾ ಫೋನಿಗೆ ಕೈ ಹಾಕುವಷ್ಟರಲ್ಲಿ ಶ್ರೀನಿವಾಸ್ ಕರೆ ಕಡಿದರು.

"ಪಿಸ್ತೂಲು, ಬೆಲ್ಟು ಮೇಜಿನ ಮೇಲಿಡಿ," ಎಂದರು. "ಪಂಚರ ಮುಂದೆ ನಾನು ಬೇರೆ ಮಾತು ಆಡೋದಿಲ್ಲ."

ಯಶೋದಾ ಆ ಮಾತು ಕೇಳಿಸಿಕೊಳ್ಳಲಿಲ್ಲ. ಅವಳು ಗೋಡೆಯ ಕಡೆ ತಿರುಗಿದ್ದಳು. ಶಾಲಿನಿ ಒರಗಿದ್ದವಳು ನೆಟ್ಟಗೆ ನಿಂತಿದ್ದಳು. ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿಕೊಂಡು ಜೋತುಬಿದ್ದಿತ್ತು. ಅವಳು ಒಮ್ಮೆ ವಹಿಯನ್ನು, ಒಮ್ಮೆ ಪರದೆಯ ಮೇಲಿನ ಅಂಕಿಯನ್ನು ನೋಡಿದಳು. ಕೊನೆಗೆ ಯಶೋದಾಳ ಮುಖವನ್ನು ನೋಡಿದಳು, ಈವರೆಗೆ ಪರಮೇಶನಿಗಷ್ಟೇ ಮೀಸಲಾಗಿದ್ದ ಕಣ್ಣಿನಿಂದ.

"ಪಾಸ್‌ವರ್ಡು ಯಾರಿಗೂ ಕೊಡ್ಬೇಡ ಅಂದಿದ್ರು ಅವ್ರು," ಎಂದಳು. "ನಾನು ಕೊಟ್ಟಿದ್ದು ನಿಮಗೊಬ್ಬರಿಗೇ ಅಲ್ವೇನ್ರಿ, ಮೇಡಂ?"